ಮುಳ್ಳು ಮುರಿದ ಕಾರ್ಟ್ರಿಡ್ಜನ್ನೇ ನಾನು ಹುಡುಕುವುದು ಯಾಕೆ: ನನ್ನ ಅನುಭವ

ನನ್ನ ಡ್ರಾಯರ್‌ನಲ್ಲಿ ಈಗ ಒಂಬತ್ತು ಕಾರ್ಟ್ರಿಡ್ಜ್ ಇವೆ. ಅಂದರೆ ರೆಕಾರ್ಡ್ ಪ್ಲೇಯರ್‌ನ ತೋಳಿನ ತುದಿಯಲ್ಲಿ ಕೂತು, ಮುಳ್ಳಿನಿಂದ ತಟ್ಟೆಯ ಗೆರೆ ಓದಿ ಹಾಡನ್ನು ವಿದ್ಯುತ್ತಾಗಿಸುವ ಪುಟ್ಟ ಸಾಧನ. ಒಂದನ್ನೂ ಹೊಸದಾಗಿ ಕೊಂಡದ್ದಲ್ಲ. ಏಳು ಚೆನ್ನಾಗಿ ಹಾಡುತ್ತವೆ, ಎರಡು ನನ್ನ ದಡ್ಡತನದ ನೆನಪಿಗೆ ಇವೆ. ಆ ಏಳೂ ನನ್ನ ಕೈಗೆ ಬಂದಾಗ ಮುಳ್ಳು ಮುರಿದಿತ್ತು, ಇಲ್ಲವೇ ಮುಳ್ಳೇ ಇರಲಿಲ್ಲ. "ಸವೆದ ಚಪ್ಪಲಿ ಹಾಕ್ಕೊಂಡು ಊರು ಸುತ್ತೋಕೆ ಹೊರಟಿದ್ದೀಯಲ್ಲೋ" ಅಂತ ನಕ್ಕಿದ್ದ ಗೆಳೆಯ ಮೊನ್ನೆ ಎರಡು ಗಂಟೆ ಬಾಯಿ ಮುಚ್ಚಿಕೊಂಡು ಕೇಳಿ ಹೋದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈ ಸುಟ್ಟುಕೊಂಡ ಕಥೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ನಾವೆಲ್ಲ ಸಾಮಾನ್ಯವಾಗಿ ಕೊಳ್ಳುವ ದರ್ಜೆಯ ಹೊಸ ಕಾರ್ಟ್ರಿಡ್ಜ್‌ನ ಬೆಲೆ 100 ಅಂತ ಇಟ್ಟುಕೊಳ್ಳಿ. ನಾನು 60 ಕೊಟ್ಟು ಡೆನಾನ್ ಡಿಎಲ್-103 ತಂದೆ. 1960ರ ದಶಕದಲ್ಲಿ ಜಪಾನಿನ ರೇಡಿಯೊ-ಟಿವಿ ಸಂಸ್ಥೆ ಎನ್‌ಎಚ್‌ಕೆಯ ಪ್ರಸಾರಕ್ಕೆಂದು ಮಾಡಿದ ಮಾದರಿ, ಇವತ್ತಿಗೂ ಬರುತ್ತಿದೆ. ಆ ಹೆಸರಿಗೇ ಮರುಳಾದೆ. "ನೂರು ಗಂಟೆ ಕೂಡ ಓಡಿಲ್ಲ" ಅಂದಿದ್ದರು ಮಾರಿದವರು. ತಟ್ಟೆಯ ಹೊರಗಿನ ಹಾಡುಗಳು ಚೆನ್ನಾಗಿಯೇ ಬಂದವು. ಒಳಗಿನ ಹಾಡಿಗೆ ಬಂದರೆ ಸ, ಶ ಎಲ್ಲ ಕಾಗದ ಹರಿದ ಹಾಗೆ. ಅಲೈನ್‌ಮೆಂಟ್ (ಮುಳ್ಳು ಗೆರೆಯಲ್ಲಿ ಕೂರುವ ಕೋನ) ಮೂರು ಸಲ ತಿದ್ದಿದೆ. ಮುಳ್ಳು ತಟ್ಟೆಯನ್ನು ಒತ್ತುವ ತೂಕ 2.5 ಗ್ರಾಂ ಸರಿಯಾಗಿಯೇ ಇತ್ತು. ಪ್ಲೇಯರ್‌ನ ತೋಳು, ಅಂದರೆ ಟೋನ್‌ಆರ್ಮ್ ಮೇಲೆ ಅನುಮಾನ ಪಟ್ಟೆ, ರೆಕಾರ್ಡನ್ನು ಬೈದೆ. ಎರಡು ವಾರ ಕಳೆಯಿತು.

ಕೊನೆಗೆ ಒಂದು ಯುಎಸ್‌ಬಿ ಸೂಕ್ಷ್ಮದರ್ಶಕ ತಂದು ನೋಡಿದೆ. ಹೊಸ ದುಂಡು ತುದಿಯ ಮುಳ್ಳಿನ ಮೇಲೆ ಬೆಳಕು ಒಂದು ಚಿಕ್ಕ ಚುಕ್ಕಿಯಾಗಿ ನಿಲ್ಲುತ್ತದೆ, ಮುಳ್ಳನ್ನು ತಿರುಗಿಸಿದರೆ ಚುಕ್ಕಿಯೂ ಮೆಲ್ಲಗೆ ಜಾರುತ್ತದೆ. ಇದರಲ್ಲಿ ಚುಕ್ಕಿ ಜಾರಲೇ ಇಲ್ಲ. ಒಂದು ಕೋನಕ್ಕೆ ಬಂದಾಗ ಇಡೀ ಬದಿ ಕಿಟಕಿ ಗಾಜಿನ ಹಾಗೆ ಫಳ್ ಅಂತ ಹೊಳೆಯಿತು. ಆಚೆ ಬದಿಯೂ ಹಾಗೇ. ಎರಡು ಕಡೆಯೂ ಉಜ್ಜಿ ಚಪ್ಪಟೆಯಾಗಿತ್ತು. ಇದು ಎಂಸಿ (ಮೂವಿಂಗ್ ಕಾಯಿಲ್) ಬಗೆ, ಮುಳ್ಳನ್ನು ನಾವೇ ಕಳಚಿ ಬದಲಿಸಲಾಗದು. ರೀಟಿಪ್, ಅಂದರೆ ಹೊಸ ತುದಿ ಕೂರಿಸಲು ವಿಚಾರಿಸಿದರೆ 80 ಅಂದರು. 60ಕ್ಕೆ 80 ಸೇರಿಸಿದರೆ 140. ಹೊಸದೇ ಬರುತ್ತಿತ್ತು! ಆ ಎರಡು ವಾರದಲ್ಲಿ ಉಳಿ ಹಾಕಿ ಕೆತ್ತಿದ ಹಾಗೆ ಹಾಳು ಮಾಡಿದ ಹತ್ತು ಹನ್ನೆರಡು ರೆಕಾರ್ಡುಗಳನ್ನು ಲೆಕ್ಕಕ್ಕೇ ತಗೊಂಡಿಲ್ಲ.

ಎರಡನೆಯದು 15ಕ್ಕೆ ಸಿಕ್ಕ ಎಂಎಂ (ಮೂವಿಂಗ್ ಮ್ಯಾಗ್ನೆಟ್), ಮುಳ್ಳನ್ನು ಕಳಚಿ ಬದಲಿಸಬಹುದಾದ ಬಗೆ. ಎಡಗಡೆ ಹಾಡು, ಬಲಗಡೆ ಬರೀ ಗುಂಯ್. ಯಾರೋ ಹೆಡ್‌ಶೆಲ್ (ಕಾರ್ಟ್ರಿಡ್ಜ್ ಕೂರುವ ತೋಳಿನ ತುದಿ) ವೈರನ್ನು ಇಕ್ಕಳದಲ್ಲಿ ಎಳೆದಿದ್ದರು, ಹಿಂದಿನ ಪಿನ್ನು ಬೆರಳಲ್ಲಿ ಮುಟ್ಟಿದರೆ ತಿರುಗುತ್ತಿತ್ತು. ಒಳಗಿನ ತಂತಿ ಕೂದಲಿಗಿಂತ ತೆಳು. ಬಿಚ್ಚಿ ಬೆಸುಗೆ ಹಾಕುತ್ತೇನೆ ಅಂತ ಕೂತೆ. ಹತ್ತು ನಿಮಿಷದಲ್ಲಿ ಎಡಗಡೆಯೂ ಸತ್ತಿತು.

ಆಮೇಲೆ ಬುದ್ಧಿ ಬಂತು. ಹಳೇ ಕಾರ್ಟ್ರಿಡ್ಜ್‌ನಲ್ಲಿ ಮುಳ್ಳು ಸತ್ತಿದೆ ಅಂತಲೇ ಲೆಕ್ಕ ಹಾಕಬೇಕು, ಕೊಳ್ಳುವುದು ಬರೀ ಮೈಯನ್ನು. ಎಂಎಂ ಮೈಯಲ್ಲಿ ಸವೆಯುವಂಥದ್ದು ಏನೂ ಇಲ್ಲ. ಆರ್ಟೋಫೋನ್ 2ಎಂ ರೆಡ್‌ನ ಮೈಗೆ ಅದರ ಮೇಲಿನ ದರ್ಜೆಯ ಬ್ಲೂ ಮುಳ್ಳು ಕೂರುತ್ತದೆ. ಆಡಿಯೋ-ಟೆಕ್ನಿಕಾ ವಿಎಂ95ಗೆ ಒಂದೇ ಮೈ, ಆರು ಬಗೆಯ ಮುಳ್ಳು. ಶ್ಯೂರ್ 2018ರಲ್ಲಿ ಕಾರ್ಟ್ರಿಡ್ಜ್ ಮಾಡುವುದನ್ನೇ ಬಿಟ್ಟಿತು, ಆದರೂ ಅದರ ಹಳೇ ಮಾದರಿ ವಿ15 ಟೈಪ್ 3ಕ್ಕೆ ಬೇರೆಯವರು ಮಾಡಿದ ಮುಳ್ಳು ಸಿಗುತ್ತದೆ. ಇದೆಲ್ಲ ನಿಮಗೂ ಗೊತ್ತು, ಅಲ್ವಾ? ಆದರೂ ಮುರಿದದ್ದನ್ನು ಕಂಡರೆ ಎಲ್ಲರೂ ಮುಖ ತಿರುಗಿಸುತ್ತಾರೆ. ಮಾರುವವರಿಗೂ ಅದು ಕಸ. ಹಾಗಾಗಿ ಬೆಲೆ 10, 15ಕ್ಕೆ ಇಳಿಯುತ್ತದೆ.

ನಾನು ಕೇಳುವುದು ಎರಡೇ. ಹಿಂದಿನ ನಾಲ್ಕು ಪಿನ್ನು ಕಾಣುವ ಹಾಗೆ ಒಂದು ಫೋಟೊ. ಮತ್ತೆ ಎರಡೂ ಚಾನೆಲ್‌ಗೆ ಮಲ್ಟಿಮೀಟರ್ ಇಟ್ಟು ತೋರಿಸಿದ ಓಮ್ಸ್ (ಸುರುಳಿಯ ವಿದ್ಯುತ್ ತಡೆ). ಎರಡೂ ಹತ್ತಿರ ಹತ್ತಿರ ಇದ್ದರೆ ಸಾಕು, ಕೊಳ್ಳುತ್ತೇನೆ. ಮೀಟರ್ ಇಲ್ಲ ಅಂದರೆ ಗುಜರಿ ಬೆಲೆ. ಎಂಸಿಗೆ ಮಾತ್ರ ನಾನು ಮೀಟರ್ ಮುಟ್ಟಿಸುವುದಿಲ್ಲ, ಆ ಸುರುಳಿ ತೀರಾ ಸೂಕ್ಷ್ಮ.

ಪಿ-ಮೌಂಟ್ ಅನ್ನುವ, ತೋಳಿಗೆ ನೇರವಾಗಿ ಚುಚ್ಚುವ ಕಾರ್ಟ್ರಿಡ್ಜ್‌ಗಳ ಮೇಲೂ ಒಂದು ಕಣ್ಣಿಡಿ. 1.25 ಗ್ರಾಂ ಒತ್ತುವ ತೂಕಕ್ಕೇ ಅಂತ ಮಾಡಿದವು, ಸುಮ್ನೆ ಚುಚ್ಚಿದರೆ ಆಯ್ತು. ನಮ್ಮ ಹೆಡ್‌ಶೆಲ್‌ಗೆ ಕೂರಲ್ಲ ಅಂತ ಜನ ಬಿಟ್ಟುಬಿಡುತ್ತಾರೆ. ಚಿಕ್ಕ ಅಡಾಪ್ಟರ್ ಹಾಕಿದರೆ ಕೂರುತ್ತದೆ. ಯಾವ ಹೆಸರಲ್ಲಿ ಹುಡುಕಿದರೆ ಇವು ರಾಶಿಯಾಗಿ ಸಿಗುತ್ತವೆ ಅನ್ನೋದನ್ನು ಹೇಳಲ್ಲ. ಹೇಳಿದರೆ ನಾಳೆಯಿಂದ ನನಗೇ ಸಿಗಲ್ಲ.

ಡಬ್ಬಿ ಒಡೆಯದ ಹಳೇ ಮುಳ್ಳಿನ ಆಸೆಗೂ ಒಮ್ಮೆ ಬಿದ್ದೆ. 70 ಕೊಟ್ಟೆ. ಮುಳ್ಳೇನೋ ಹೊಸದೇ, ಆದರೆ ಮುಳ್ಳಿನ ಕಡ್ಡಿಯನ್ನು ಹಿಡಿದಿಡುವ ಒಳಗಿನ ರಬ್ಬರ್ ಸೋತಿತ್ತು. ತಟ್ಟೆ ಮೇಲೆ ಇಳಿಸಿದ ಕೂಡಲೇ ಕಾರ್ಟ್ರಿಡ್ಜ್ ಹೊಟ್ಟೆ ಎಳೆದುಕೊಂಡು ಹೋಯಿತು. ಅದು ಹೇಗೂ ಹೋಯಿತಲ್ಲ ಅಂತ ರಬ್ಬರ್ ಗಟ್ಟಿಯಾದ ಇನ್ನೊಂದು ಮುಳ್ಳಿನ ಮೇಲೂ ಪ್ರಯೋಗ ಶುರು ಮಾಡಿದೆ. ಸೂಜಿ ತುದಿಯಲ್ಲಿ ಒಂದು ಹನಿ ಬ್ರೇಕ್ ಆಯಿಲ್ ಬಿಟ್ಟೆ. ಒಂದು ವಾರ ಅದ್ಭುತ! ತಿಂಗಳು ತುಂಬುವಷ್ಟರಲ್ಲಿ ರಬ್ಬರ್ ಅಂಟಿನ ಹಾಗಾಯಿತು. ಎಸೆಯುವ ಸಾಮಾನಾದರೆ ಮಾತ್ರ ಮಾಡಿ.

ಈಗ ಕೇಳುವ ವಿಷಯ. ಒಂದು ಕಾರ್ಟ್ರಿಡ್ಜ್ 3 ಮಿಲಿವೋಲ್ಟ್ ಕೊಟ್ಟು ಇನ್ನೊಂದು 5 ಕೊಟ್ಟರೆ ನಾಲ್ಕು ಡೆಸಿಬೆಲ್‌ಗೂ ಜಾಸ್ತಿ ವ್ಯತ್ಯಾಸ. ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸುತ್ತದೆ. ಬಿಚ್ಚಿ ಹಾಕುವಷ್ಟರಲ್ಲಿ ಹಿಂದಿನದು ಮರೆತೂ ಹೋಗಿರುತ್ತದೆ. ಅದಕ್ಕೆ ಒಂದೇ ಹಾಡಿನ ಮೂರು ನಿಮಿಷವನ್ನು ಪ್ರತಿ ಕಾರ್ಟ್ರಿಡ್ಜ್‌ನಲ್ಲೂ ಕಂಪ್ಯೂಟರ್‌ಗೆ ಇಳಿಸುತ್ತೇನೆ. ಟೆಸ್ಟ್ ರೆಕಾರ್ಡ್‌ನ 1 ಕಿಲೋಹರ್ಟ್ಸ್ ನೋಡಿ ದನಿ ಸಮ ಮಾಡುತ್ತೇನೆ. ಫೈಲಿನ ಹೆಸರು ಮಾತ್ರ ಬೇರೆ ಯಾರಾದರೂ ಕಲಸಬೇಕು. ದುಂಡು ಮುಳ್ಳು ಯಾವುದು, ಅಂಡಾಕಾರದ ತುದಿಯ ಎಲಿಪ್ಟಿಕಲ್ ಯಾವುದು ಅಂತ ಒಳಗಿನ ಗೆರೆಗಳಲ್ಲಿ ಹತ್ತಕ್ಕೆ ಹತ್ತೂ ಸಲ ಹೇಳಿದೆ. ಹೊಸ ಮುಳ್ಳಿನ ವಿ15ಗೂ ಗೆಳೆಯನ ಹೊಸ 2ಎಂ ಬ್ಲೂಗೂ ಹತ್ತಕ್ಕೆ ಆರು ಸರಿ. ಅಂದರೆ ಬರೀ ಊಹೆಯಲ್ಲಿ ಹೇಳಿದ ಹಾಗೆ. ಗೆಳೆಯನೋ, ನನ್ನ 60ರ ವಿ15 ಕೇಳಿ "ಇದೇ ನನ್ನದು" ಅಂದ. ಆ ಮುಖ ನೋಡಬೇಕಿತ್ತು.

ವಿ15 ಮೊದಲು ಅಷ್ಟು ಚೆನ್ನಾಗಿ ಕೇಳುತ್ತಿರಲಿಲ್ಲ ಅನ್ನೋದನ್ನು ಅವನಿಗೆ ಹೇಳಿಲ್ಲ. ಅದಕ್ಕೆ 400ರಿಂದ 500 ಪಿಕೊಫ್ಯಾರಡ್ ಕೆಪಾಸಿಟನ್ಸ್ (ವಿದ್ಯುತ್ ಹಿಡಿದಿಡುವ ಗುಣ) ಬೇಕು. ನನ್ನ ಕೇಬಲ್ ಮತ್ತು ಫೋನೊ ಸ್ಟೇಜ್ (ಕಾರ್ಟ್ರಿಡ್ಜ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಸೇರಿ 250 ಆಸುಪಾಸು ಇತ್ತು. ಪ್ಲಗ್ ಒಳಗೇ 200ರ ಕೆಪಾಸಿಟರ್ ಸೇರಿಸಿದ ಮೇಲೆ ಮೇಲಿನ ದನಿ ಜಾಗಕ್ಕೆ ಬಂತು. ಖರ್ಚು ಇಲ್ಲವೇ ಇಲ್ಲ ಅನ್ನಬಹುದು.

ಏಳು ಮೈಗೆ ಸುಮಾರು 100. ಕೆಲವು ಮೈಗಳು ಒಂದೇ ಮುಳ್ಳನ್ನು ಹಂಚಿಕೊಳ್ಳುತ್ತವೆ, ಹಾಗಾಗಿ ಮುಳ್ಳಿಗೆ 200ರ ಆಸುಪಾಸು. ತಕ್ಕಡಿ, ಸೂಕ್ಷ್ಮದರ್ಶಕಕ್ಕೆ 40ರಷ್ಟು. ನೀರಿಗೆ ಹಾಕಿದ್ದು 150ರ ಹತ್ತಿರ. ಹೊಸದಾಗಿದ್ದರೆ 700.

ಆ ಡೆನಾನ್ ಇನ್ನೂ ಡಬ್ಬಿಯಲ್ಲೇ ಇದೆ. ಬೇಕಾದವರಿಗೆ 10ಕ್ಕೆ ಕೊಡುತ್ತೇನೆ, ಸೂಕ್ಷ್ಮದರ್ಶಕದ ಫೋಟೊ ಸಮೇತ.