‘ಫಾಸ್ಟ್’ ಪದವನ್ನು ನಾನು ಕಲಿಸಿದ ಬಗೆ

ದಾವಣಗೆರೆ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾನು ‘ಫಾಸ್ಟ್’ ಎಂದರೆ ‘ವೇಗವಾದ’ ಎಂದು ಹಲಗೆಯ ಮೇಲೆ ಬರೆದು ಮುಂದಿನ ಪದಕ್ಕೆ ಹೋಗಿಬಿಡುತ್ತಿದ್ದೆ. ‘ಶಿ ಈಸ್ ಫಾಸ್ಟ್ ಅಸ್ಲೀಪ್’ ಎಂಬ ವಾಕ್ಯವನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ‘ಅವಳು ವೇಗವಾಗಿ ನಿದ್ದೆ ಮಾಡುತ್ತಿದ್ದಾಳೆ’ ಎಂದು ಬರೆದು, ‘ಸರ್, ನಿದ್ದೆಯಲ್ಲೇನು ವೇಗ?’ ಎಂದು ಕೇಳಿದಳು. ತಪ್ಪು ಅವಳದಾಗಿರಲಿಲ್ಲ, ನಾನು ಕೊಟ್ಟ ಅರ್ಥವೇ ಅರೆಯಾಗಿತ್ತು.

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕಿದ್ದುದು ಗಟ್ಟಿಯಾದ, ಭದ್ರವಾದ, ಕದಲದ ಎಂಬ ಅರ್ಥ. ಬಿಗಿಯುವುದಕ್ಕೆ ‘ಫಾಸನ್’ (fasten) ಎನ್ನುವುದೂ, ವ್ರತವನ್ನು ಬಿಡದೆ ಹಿಡಿಯುವ ಉಪವಾಸಕ್ಕೆ ‘ಫಾಸ್ಟ್’ ಎನ್ನುವುದೂ ಅದೇ ಬೇರಿನಿಂದ ಬಂದವು. ಇದನ್ನು ವಿವರಿಸಲು ನನಗೆ ನೆರವಾದದ್ದು ನಮ್ಮ ಊರಿನ ಬಟ್ಟೆ ಅಂಗಡಿ. ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ ‘ಇದರ ಬಣ್ಣ ಗಟ್ಟಿ, ಬಿಡುವುದಿಲ್ಲ’ ಎಂಬ ಮಾತನ್ನು ಕೇಳದ ಮಕ್ಕಳಿಲ್ಲ; ‘ಫಾಸ್ಟ್ ಕಲರ್’ ಎಂದರೆ ಅದೇ ಎಂದೊಡನೆ ‘ಗಾಢವಾದ ನಿದ್ದೆ’ ಎಂಬ ಅನುವಾದ ಅವರ ಬಾಯಿಂದಲೇ ಬಂತು.

ಆದರೆ ಕದಲದ್ದನ್ನು ಹೇಳುತ್ತಿದ್ದ ಪದ ಓಡುವುದನ್ನು ಹೇಳತೊಡಗಿದ್ದು ಹೇಗೆ? ಗಟ್ಟಿಯಾಗಿ ಎಂಬುದು ಬಲವಾಗಿ ಎಂದಾಯಿತು, ಬಲವಾಗಿ ಓಡುವುದು ವೇಗವಾಗಿ ಓಡುವುದಾಯಿತು. ಇದು ಮಕ್ಕಳಿಗೆ ಅರ್ಥವಾದದ್ದು ನಮ್ಮ ‘ಬಿರುಸು’ ಎಂಬ ಪದವನ್ನು ಪಕ್ಕದಲ್ಲಿ ಬರೆದಾಗ. ಗಡುಸು, ಒರಟು ಎಂಬ ಅರ್ಥವುಳ್ಳ ಆ ಪದವೇ ‘ಬಿರುಸಿನ ನಡಿಗೆ’ ಎಂಬಲ್ಲಿ ವೇಗವನ್ನು ಹೇಳುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ, ಎರಡು ದೂರದ ಭಾಷೆಗಳು ಒಂದೇ ದಾರಿಯಲ್ಲಿ ನಡೆದದ್ದನ್ನು ಕಂಡು ನನಗಾದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಬಳಕೆಯಲ್ಲಿ ಹೆಚ್ಚು ತೊಡಕಾದದ್ದು ‘ಫಾಸ್ಟ್‌ಲಿ’. ಕನ್ನಡದಲ್ಲಿ ‘ವೇಗದ ಓಟ’, ‘ವೇಗವಾಗಿ ಓಡು’ ಎಂದು ರೂಪ ಬದಲಾಗುವುದರಿಂದಲೂ, ‘ಸ್ಲೋ’ ಎಂಬುದು ‘ಸ್ಲೋಲಿ’ ಆಗುವುದರಿಂದಲೂ ಮಕ್ಕಳು ಇಲ್ಲಿಯೂ ಬಾಲ ಸೇರಿಸುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣಕ್ಕೆ ಕೊನೆಯಲ್ಲಿ ಒಂದು ಸ್ವರವಿತ್ತು, ಅದು ಸವೆದುಹೋಗಿ ವಿಶೇಷಣ, ಕ್ರಿಯಾವಿಶೇಷಣ ಎರಡಕ್ಕೂ ‘ಫಾಸ್ಟ್’ ಎಂಬ ಒಂದೇ ರೂಪ ಉಳಿಯಿತು ಎಂದು ಕಾರಣ ತಿಳಿಸಿದ ಮೇಲೆ ಆ ತಪ್ಪು ಬಹುಮಟ್ಟಿಗೆ ನಿಂತಿತು. ನಿಯಮವನ್ನಷ್ಟೇ ಬಾಯಿಪಾಠ ಮಾಡಿಸುತ್ತಿದ್ದಾಗ ನಿಂತಿರಲಿಲ್ಲ.

ಇನ್ನೊಂದು ತೊಡಕು ನಮ್ಮ ‘ಬೇಗ’. ‘ವೇಗ’ದ ತದ್ಭವವಾದರೂ ಅದು ಹೊತ್ತಿಗೆ ಮುಂಚೆ ಎಂಬುದನ್ನೂ ಹೇಳುತ್ತದೆ. ಹಾಗಾಗಿ ‘ನಾಳೆ ಬೇಗ ಬಾ’ ಎಂಬುದಕ್ಕೆ ‘ಕಮ್ ಫಾಸ್ಟ್ ಟುಮಾರೊ’ ಎಂದು ಬರೆಯುತ್ತಾರೆ; ಅಲ್ಲಿ ಬೇಕಾದದ್ದು ‘ಅರ್ಲಿ’. ಈಗ ಪ್ರತಿ ವಾಕ್ಯಕ್ಕೂ ಮೊದಲು ‘ಇಲ್ಲಿ ಹೇಳುತ್ತಿರುವುದು ಓಟವೋ, ಹೊತ್ತೋ, ಗಟ್ಟಿತನವೋ?’ ಎಂದು ಕೇಳುತ್ತೇನೆ. ತರಗತಿಯ ಗಡಿಯಾರ ಹತ್ತು ನಿಮಿಷ ಮುಂದಿದ್ದ ದಿನ ಅದೇ ಹುಡುಗಿ ‘ದ ಕ್ಲಾಕ್ ಈಸ್ ಟೆನ್ ಮಿನಿಟ್ಸ್ ಫಾಸ್ಟ್’ ಎಂದು ತಾನಾಗಿಯೇ ಹೇಳಿದಳು.