ಥ್ರಿಲ್ಲರ್ ಟೈಟಲ್‌ಗೆ ಕನ್ನಡ ಅಕ್ಷರ ಒಗ್ಗಿಸಿದ ಬಗೆ: ನನ್ನ ಅನುಭವ

ಕಾರವಾರದಲ್ಲಿ ಚಿತ್ರೀಕರಿಸಿದ ನಮ್ಮ ಕಿರುಚಿತ್ರದ ಆರಂಭಿಕ ಟೈಟಲ್‌ಗಳನ್ನು, ಅಂದರೆ ಹೆಸರುಗಳು ಮೂಡುವ ಭಾಗವನ್ನು, ಕನ್ನಡದಲ್ಲೇ ಮಾಡುತ್ತೇನೆಂದಾಗ ನಿರ್ಮಾಪಕರಾಗಲಿ ಸಂಕಲನಕಾರರಾಗಲಿ ಒಪ್ಪಲಿಲ್ಲ. ನಮ್ಮ ದುಂಡು ಅಕ್ಷರಗಳು ಜಾತ್ರೆಯ ಬ್ಯಾನರಿಗೆ ಒಪ್ಪುತ್ತವೆಯೇ ಹೊರತು ಭಯ ಹುಟ್ಟಿಸುವುದಿಲ್ಲ ಎಂಬುದು ಅವರ ವಾದವಾಗಿತ್ತು. ಬೆಂಗಳೂರಿನ ಸ್ಟುಡಿಯೋವೊಂದು ಸುಮಾರು 60 ಸಾವಿರ ರೂಪಾಯಿ ಕೇಳಿತ್ತು, ಅದೂ ಇಂಗ್ಲಿಷ್ ಅಕ್ಷರಗಳಿಗೆ. ನನ್ನ ಒಂದೂವರೆ ನಿಮಿಷದ ಟೈಟಲ್ ಹೆಚ್ಚುಕಡಿಮೆ 11 ಸಾವಿರದಲ್ಲಿ ಮುಗಿಯಿತು.

ಹಾಲಿವುಡ್‌ನ ಟೈಟಲ್ ವಿನ್ಯಾಸಕರಾದ ಸಾಲ್ ಬಾಸ್ 1960ರ ‘ಸೈಕೋ’ ಚಿತ್ರಕ್ಕೆ ಮಾಡಿದ ಟೈಟಲ್ ಮತ್ತು ಕೈಲ್ ಕೂಪರ್ 1995ರ ‘ಸೆವೆನ್’ ಚಿತ್ರಕ್ಕೆ ಮಾಡಿದ್ದು, ಇವೆರಡನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದೆ. ಮೊದಲನೆಯದರಲ್ಲಿ ಪಟ್ಟಿಗಳೂ ಸೀಳಿ ಕೂಡುವ ಅಕ್ಷರಗಳೂ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ನರ ತಂತಿವಾದ್ಯಗಳೂ ಸೇರಿ ಕೆಲಸ ಮುಗಿಸುತ್ತವೆ. ಎರಡನೆಯದು ಕೊಲೆಗಾರನ ಮುಖ ತೋರಿಸದೆ ಅವನ ಕೈಗಳನ್ನೂ ನೋಟ್‌ಬುಕ್‌ಗಳನ್ನೂ ತೋರಿಸುತ್ತದೆ. ಸಾಕ್ಷ್ಯವನ್ನು ಕಥೆಗಿಂತ ಮೊದಲೇ ಪ್ರೇಕ್ಷಕರ ಕಣ್ಣಮುಂದೆ ಇಡುವ ಈ ಕ್ರಮವೇ ಥ್ರಿಲ್ಲರ್ ಟೈಟಲ್‌ನ ಜೀವಾಳ ಎಂದು ನಾನು ನಂಬಿದ್ದೇನೆ.

ಹಣವೂ ಸಮಯವೂ ಹೋದದ್ದು ಅಕ್ಷರಗಳಿಗೆ. ತೆಳು ಅಕ್ಷರಗಳನ್ನು ದೂರ ದೂರ ಇಡುವ ಇಂಗ್ಲಿಷ್ ರೂಢಿಯನ್ನು ‘ಛಾಯಾಗ್ರಹಣ’ಕ್ಕೆ ಅನ್ವಯಿಸಿದರೆ ದೀರ್ಘದ ಚಿಹ್ನೆ ತನ್ನ ಅಕ್ಷರವನ್ನು ಬಿಟ್ಟು ಅನಾಥವಾಗಿ ನಿಲ್ಲುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಎರಡು ಸಾವಿರದಷ್ಟು ಕೊಟ್ಟು ತಂದ ಸಿದ್ಧ ಟೆಂಪ್ಲೇಟ್ ಒತ್ತಕ್ಷರಗಳನ್ನೇ ಒಡೆದು ಹಾಕಿತು. ಕೊನೆಗೆ ಪ್ರತಿಯೊಂದು ಹೆಸರನ್ನೂ ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ಪಾತ್‌ಗೆ, ಅಂದರೆ ಗೆರೆಗಳ ಆಕಾರಕ್ಕೆ, ಬದಲಿಸಿ, ಗುಣಿತವೂ ಒತ್ತೂ ಸೇರಿದ ಇಡೀ ಅಕ್ಷರವನ್ನು ಒಂದು ಗುಂಪಾಗಿ ಕಟ್ಟಿ, ಗುಂಪುಗಳ ನಡುವೆ ಮಾತ್ರ ಅಂತರ ಕೊಟ್ಟೆ. ಭಯ ಹುಟ್ಟಿಸಲು ಅಕ್ಷರಗಳು ನಡುಗಬೇಕಿತ್ತು, ಆದರೆ ನಡುಕವನ್ನು ಇಡೀ ಅಕ್ಷರಕ್ಕೆ ಕೊಟ್ಟರೆ ಓದಲಾಗದು. ಒತ್ತನ್ನು ಅಲುಗದಂತೆ ಹಿಡಿದು, ಸೆಕೆಂಡಿನ 24 ಫ್ರೇಮ್‌ಗಳಲ್ಲಿ ಎರಡು ಮೂರರಲ್ಲಷ್ಟೇ ತಲೆಕಟ್ಟನ್ನು ಸರಿಸಿದಾಗ ದುಂಡು ಅಕ್ಷರಕ್ಕೆ ನಾನು ಬಯಸಿದ ಕಸಿವಿಸಿ ಬಂದಿತು. ಯಾವ ಫ್ರೇಮ್‌ಗಳು, ಯಾವ ಲಯ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಚಿಮಣಿ ದೀಪದ ಮಸಿ ಹಿಡಿಸಿದ ಗಾಜಿನ ಮೇಲೆ ಸೂಜಿಯಿಂದ ಹೆಸರುಗಳನ್ನು ಗೀಚಿಯೂ ನೋಡಿದೆ. ನೋಡಲು ಬಹಳ ಚೆನ್ನಾಗಿತ್ತು, ಆದರೆ ಕಾಗುಣಿತದ ಒಂದು ತಿದ್ದುಪಡಿಗೆ ಇಡೀ ಗಾಜನ್ನು ಮತ್ತೆ ಮಸಿ ಮಾಡಬೇಕಾದ್ದರಿಂದ ಅದನ್ನು ಚಿತ್ರದ ಶೀರ್ಷಿಕೆಗೆ ಮಾತ್ರ ಉಳಿಸಿಕೊಂಡೆ.

ಕಾಣೆಯಾದ ದೋಣಿಯ ಕಥೆಯಾದ್ದರಿಂದ ದೃಶ್ಯಗಳನ್ನು ಕಾರವಾರದ ಬೈತಖೋಲ ಬಂದರಿನಲ್ಲೇ ತೆಗೆದೆವು: ಬಲೆ ಹೆಣೆಯುವ ಬೆರಳು, ಡೀಸೆಲ್ ಕಲೆ, ಒಡೆಯುವ ಐಸ್. ತೀರ ಹತ್ತಿರದಿಂದ ಚಿತ್ರಿಸಲು ಬಾಡಿಗೆಗೆ ತಂದ ಮ್ಯಾಕ್ರೋ ಲೆನ್ಸ್‌ಗೇ ಸುಮಾರು ನಾಲ್ಕು ಸಾವಿರ ಹೋಯಿತು. ಮಳೆಗಾಲದಲ್ಲಿ ಎಸಿ ಕೋಣೆಯಿಂದ ಹೊರತಂದೊಡನೆ ಅದರ ಮೇಲೆ ಮಂಜು ಕಟ್ಟುತ್ತಿದ್ದುದರಿಂದ, ಮುಂದೆ ಅದನ್ನು ರಾತ್ರಿಯೆಲ್ಲ ಜಗಲಿಯ ಪೆಟ್ಟಿಗೆಯಲ್ಲೇ ಇಟ್ಟೆ. ಎಲ್ಲರಿಗೂ ಮೆಚ್ಚುಗೆಯಾದ ಚಿತ್ರಿಕೆ ಮಾತ್ರ ಖರ್ಚಿಲ್ಲದೆ ಸಿಕ್ಕಿತು. ಗೋಕರ್ಣದ ಬಳಿಯ ಸಾಣಿಕಟ್ಟಾದ ಕಲ್ಲುಪ್ಪಿನ ಒಂದು ಹಿಡಿಯನ್ನು ಕಪ್ಪು ಬಟ್ಟೆಯ ಮೇಲೆ ಹರಡಿದ್ದೆ. ಅದು ಹವೆಯ ತೇವ ಹೀರಿ ನಿಧಾನವಾಗಿ ಬೆವರಿ ಕರಗುವುದನ್ನು ವೇಗ ಹೆಚ್ಚಿಸಿ ತೋರಿಸಿದಾಗ, ಅದು ಏನೆಂದು ಯಾರಿಗೂ ಗುರುತು ಹತ್ತಲಿಲ್ಲ.

ಹೆಸರುಗಳ ಕ್ರಮವನ್ನು ಮುರಿಯಲಿಲ್ಲ. ನಿರ್ದೇಶಕರ ಹೆಸರು ಕೊನೆಗೇ ಬಂದಿತು. ಇಂಗ್ಲಿಷ್ ಬೇಕೆಂದಿದ್ದ ಸಂಕಲನಕಾರರು ತಮ್ಮ ಮುಂದಿನ ಚಿತ್ರಕ್ಕೂ ಇದೇ ಬಗೆಯ ಕನ್ನಡ ಟೈಟಲ್ ಕೇಳಿದ್ದಾರೆ, ಈ ಬಾರಿ ನಾನು 20 ಸಾವಿರ ಹೇಳಿದ್ದೇನೆ.