ಎಂಎಸ್ ಎಂದು ಮೊದಲ ಸಲ ಕೇಳಿದಾಗ: ಒಳಗೆ ಯಾವ ಸೆಲ್ ಏನು ಮಾಡುತ್ತಿದೆ, ರಿಪೋರ್ಟ್ ಓದುವುದು ಹೇಗೆ

ಒಂದು ಕಣ್ಣು ಮಂಜಾಗಿದೆ, ಹೊರಳಿಸಿದರೆ ನೋವು, ಕೆಂಪು ಬಣ್ಣ ಮಾಸಿದ ಹಾಗೆ ಕಾಣುತ್ತದೆ. ಇಲ್ಲದಿದ್ದರೆ ಕಾಲಿಗೆ ಹಿಡಿದ ಜೋಮು ವಾರ ಕಳೆದರೂ ಬಿಟ್ಟಿಲ್ಲ. ಮಣಿಪಾಲದಲ್ಲೋ ಮಂಗಳೂರಿನಲ್ಲೋ ಎಂಆರ್‌ಐ ಆಯಿತು, ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಎಂದರು. ಮೂರು ವಾರದಲ್ಲಿ ಕಣ್ಣು ತಾನಾಗಿಯೇ ಸುಮಾರು ಸರಿಯಾಯಿತು. ಆಗ ಮನೆಯವರ ಮಾತು ಒಂದೇ: ಸರಿಯಾಯಿತಲ್ಲ, ಇನ್ನು ಯಾಕೆ ಮದ್ದು, ಸ್ವಲ್ಪ ಕಾದು ನೋಡುವ.

ದಯವಿಟ್ಟು ಕಾಯಬೇಡಿ. ಯಾಕೆ ಎಂದು ಗೊತ್ತಾಗಲಿಕ್ಕೆ ಒಳಗೆ ಏನು ನಡೆಯುತ್ತಿದೆ ಎಂದು ಸ್ವಲ್ಪ ತಿಳಿದುಕೊಳ್ಳಬೇಕು. ಅಷ್ಟು ಕಷ್ಟ ಇಲ್ಲ.

ನರದ ಎಳೆಗಳಿಗೆ ಮೈಲಿನ್ ಎಂಬ ಕೊಬ್ಬಿನ ಪದರ ಸುತ್ತಿಕೊಂಡಿರುತ್ತದೆ. ಅದು ಇದ್ದರೆ ಸಂದೇಶ ವೇಗವಾಗಿ ಓಡುತ್ತದೆ. ಎಂಎಸ್‌ನಲ್ಲಿ ನಮ್ಮದೇ ಬಿಳಿ ರಕ್ತಕಣಗಳು ಈ ಪದರದ ಮೇಲೆ ಬೀಳುತ್ತವೆ. ಶುರು ಮಾಡುವುದು ಹೆಚ್ಚಾಗಿ ಟಿ ಸೆಲ್. ಮಿದುಳಿನ ರಕ್ತನಾಳದ ಗೋಡೆ ತುಂಬಾ ಬಿಗಿ, ಮಾಮೂಲಿಯಾಗಿ ಬಹಳ ಕಡಿಮೆ ಸೆಲ್‌ಗಳು ಅದನ್ನು ದಾಟುತ್ತವೆ. ಆದರೆ ಮಿದುಳಿನ ಹೊರಗೆ, ಲಿಂಫ್ ಗ್ರಂಥಿಗಳಲ್ಲಿ ಕೆರಳಿದ ಟಿ ಸೆಲ್‌ಗಳು ಮೈಮೇಲೆ ಅಂಟುವ ಅಣುಗಳನ್ನು ಇಟ್ಟುಕೊಂಡು ಬಂದು ಆ ಗೋಡೆಗೆ ಹಿಡಿದುಕೊಳ್ಳುತ್ತವೆ, ಸಣ್ಣ ಸಣ್ಣ ರಕ್ತನಾಳಗಳ ಸುತ್ತ ಒಳಗೆ ಇಳಿಯುತ್ತವೆ, ಅಲ್ಲಿ ಮೈಲಿನ್‌ನ ಚೂರನ್ನು ಬೇರೆ ಯಾವುದಾದರೂ ಸೆಲ್ ಮತ್ತೆ ತೋರಿಸಿದರೆ ಇನ್ನೂ ಕೆರಳಿ ರಾಸಾಯನಿಕ ಬಿಟ್ಟು ಉಳಿದವರನ್ನೂ ಕರೆಯುತ್ತವೆ. ರಕ್ತದಿಂದ ಮ್ಯಾಕ್ರೋಫೇಜ್‌ಗಳು ಬರುತ್ತವೆ, ಮೈಲಿನ್ ಕಿತ್ತು ತಿನ್ನುತ್ತವೆ. ಮಿದುಳಿನಲ್ಲೇ ಇರುವ ಮೈಕ್ರೋಗ್ಲಿಯಾ ಎಂಬ ಸೆಲ್‌ಗಳೂ ಸೇರಿಕೊಳ್ಳುತ್ತವೆ.

ಕೆಲವು ವಾರಕ್ಕೆ ಊತ ಇಳಿಯುತ್ತದೆ, ಸ್ವಲ್ಪ ಮೈಲಿನ್ ಮತ್ತೆ ಬೆಳೆಯುತ್ತದೆ, ಕಣ್ಣು ಕಾಣುತ್ತದೆ. ಆದರೆ ಹಾನಿ ಪೂರ್ತಿ ಹೋಗಿಲ್ಲ. ದಾಳಿ ನಡೆಯುವ ಜಾಗದಲ್ಲಿ ಮೈಲಿನ್ ಮಾತ್ರ ಅಲ್ಲ, ನರದ ಎಳೆಗಳೇ ತುಂಡಾಗಿರುವುದನ್ನು 1998ರಲ್ಲೇ ತೋರಿಸಿದ್ದಾರೆ, ರೋಗ ಬಂದು ಹೆಚ್ಚು ಕಾಲ ಆಗದವರಲ್ಲೂ. ತುಂಡಾದ ಎಳೆ ಮತ್ತೆ ಕೂಡುವುದಿಲ್ಲ. ಉಳಿದ ಎಳೆಗಳು ಆ ಕೆಲಸ ಹೊತ್ತುಕೊಳ್ಳುವುದರಿಂದ ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಇನ್ನು ಬಿ ಸೆಲ್, ಅದೂ ಒಂದು ಬಗೆಯ ಬಿಳಿ ರಕ್ತಕಣವೇ. ಬಹಳ ವರ್ಷ ಎಂಎಸ್ ಅಂದರೆ ಟಿ ಸೆಲ್ ರೋಗ ಎಂದೇ ಹೆಚ್ಚಿನವರು ನಂಬಿದ್ದರು. 2008ರಲ್ಲಿ ರಿಟುಕ್ಸಿಮಾಬ್ ಪ್ರಯೋಗದ ಫಲಿತಾಂಶ ಬಂತು. ಈ ಮದ್ದು ಬಿ ಸೆಲ್‌ಗಳನ್ನು ತೆಗೆಯುತ್ತದೆ, ಆದರೆ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಸೆಲ್‌ಗಳನ್ನು ಮುಟ್ಟುವುದಿಲ್ಲ. ಆದರೂ ದಾಳಿ ಆದ ಜಾಗದಲ್ಲಿ ಎಂಆರ್‌ಐಯಲ್ಲಿ ಕಾಣುವ ಹೊಸ ಕಲೆಗಳು ಬೇಗನೆ ಕಡಿಮೆಯಾದವು. ಹಾಗಾದರೆ ಬಿ ಸೆಲ್‌ನ ದೊಡ್ಡ ತಪ್ಪು ಪ್ರತಿಕಾಯ ಮಾಡುವುದಲ್ಲ, ಟಿ ಸೆಲ್‌ಗೆ ಗುರಿ ತೋರಿಸಿ ಕೆರಳಿಸುವುದು ಎಂದು ಗೊತ್ತಾಯಿತು. ನನಗೆ ಈ ರೋಗದ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು: ಮದ್ದೇ ರೋಗದ ಬಗ್ಗೆ ಪಾಠ ಹೇಳಿತು. ಮುಂದೆ 2022ರಲ್ಲಿ ಅಮೆರಿಕದ ಸೈನಿಕರ ರಕ್ತದ ಮಾದರಿಗಳನ್ನು ನೋಡಿದ ಅಧ್ಯಯನದಲ್ಲಿ ಎಪ್ಸ್ಟೈನ್ ಬಾರ್ ವೈರಸ್ ತಗಲಿದ ಮೇಲೆ ಎಂಎಸ್ ಅಪಾಯ ಸುಮಾರು 32 ಪಟ್ಟು ಏರಿದ್ದು ಕಂಡಿತು. ಆ ವೈರಸ್ ಮನೆ ಮಾಡಿಕೊಳ್ಳುವುದು ಬಿ ಸೆಲ್‌ನಲ್ಲೇ. ಹಾಗೆಂದು ಹೆದರಬೇಡಿ, ದೊಡ್ಡವರಲ್ಲಿ ಹೆಚ್ಚಿನವರಿಗೆ ಈ ವೈರಸ್ ತಗಲಿರುತ್ತದೆ, ಎಂಎಸ್ ಬರುವುದು ಬಹಳ ಕಡಿಮೆ ಜನಕ್ಕೆ.

ಈಗ ಫೈಲ್ ತೆಗೆಯಿರಿ.

ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಬಿಳಿ ಕಣದ ಲೆಕ್ಕ ಸರಿ ಇದೆ ಎಂದು ಸಮಾಧಾನ ಪಡಬೇಡಿ. ಎಂಎಸ್ ಅದರಲ್ಲಿ ಕಾಣುವುದಿಲ್ಲ. ಎಂಆರ್‌ಐ ರಿಪೋರ್ಟಿನಲ್ಲಿ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟ ಮೇಲೆ ಕಲೆ ಹೊಳೆಯಿತಾ ಎಂದು ನೋಡಿ. ಹೊಳೆದರೆ ಅಲ್ಲಿ ರಕ್ತನಾಳದ ಗೋಡೆ ಈಗ ತೆರೆದಿದೆ, ಸೆಲ್‌ಗಳು ಈಗ ಒಳಗೆ ಹೋಗುತ್ತಿವೆ ಎಂದು ಅರ್ಥ. ಈ ಹೊಳಪು ಹೆಚ್ಚಾಗಿ 2ರಿಂದ 6 ವಾರ ಇರುತ್ತದೆ. ಹೊಳೆಯುವ ಕಲೆಯೂ ಹೊಳೆಯದ ಕಲೆಯೂ ಒಂದೇ ಸ್ಕ್ಯಾನಿನಲ್ಲಿದ್ದರೆ ದಾಳಿ ಒಂದೇ ಸಲ ಆದದ್ದಲ್ಲ, ಹಿಂದೆಯೂ ಆಗಿತ್ತು, ನಿಮಗೆ ಗೊತ್ತಾಗಿರಲಿಲ್ಲ.

ಬೆನ್ನಿನಿಂದ ನೀರು ತೆಗೆಯಬೇಕು ಎಂದರೆ ನಮ್ಮಲ್ಲಿ ಎಲ್ಲರೂ ಹೆದರುತ್ತಾರೆ. ಕಾಲು ಹೋಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಮೇಲೆ, ಅದಕ್ಕಿಂತ ಕೆಳಗೆ. ಎರಡು ದಿನ ತಲೆನೋವು ಬರಬಹುದು. ಅಲ್ಲಿ ನೋಡುವುದು ಓಲಿಗೋಕ್ಲೋನಲ್ ಬ್ಯಾಂಡ್, ಅಂದರೆ ಪರೀಕ್ಷೆಯಲ್ಲಿ ಗೆರೆಯಾಗಿ ಕಾಣುವ ಪ್ರತಿಕಾಯಗಳು. ರಕ್ತದಲ್ಲಿ ಇಲ್ಲದ ಬ್ಯಾಂಡ್ ಆ ನೀರಿನಲ್ಲಿ ಇದ್ದರೆ ಬಿ ಸೆಲ್ ಬಳಗದವರು ಒಳಗೇ ಕೂತು ಪ್ರತಿಕಾಯ ಮಾಡುತ್ತಿದ್ದಾರೆ ಎಂದು ತಿಳಿಯಬೇಕು. ಹೋಲಿಸಿ ನೋಡಲಿಕ್ಕೆ ಅದೇ ದಿನದ ರಕ್ತವೂ ಬೇಕು, ಎರಡನ್ನೂ ಕಳಿಸಿದ್ದಾರಾ ಎಂದು ಕೇಳಿ.

ಇನ್ನೊಂದು ಪರೀಕ್ಷೆ ನಮ್ಮ ಕಡೆಯವರು ಬಿಡಲೇಬಾರದು. ಅಕ್ವಾಪೊರಿನ್-4 ಪ್ರತಿಕಾಯ, ಜೊತೆಗೆ ಮಾಗ್ (MOG) ಪ್ರತಿಕಾಯ. ಎಂಎಸ್ ಹಾಗೆಯೇ ಕಾಣುವ ಬೇರೆ ರೋಗಗಳನ್ನು ಬೇರ್ಪಡಿಸಲಿಕ್ಕೆ ಇವು ಬೇಕು. ಮಂಗಳೂರು ನಗರದಲ್ಲೇ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಎಂಎಸ್, ಸುಮಾರು 2.6 ಮಂದಿಗೆ ಎನ್‌ಎಂಒ ಎಂಬ ಹತ್ತಿರದ ರೋಗ ಕಂಡಿತ್ತು. ಎನ್‌ಎಂಒದಲ್ಲೂ ಕಣ್ಣು ಹೋಗುತ್ತದೆ, ಕಾಲು ಸೋಲುತ್ತದೆ, ಆದರೆ ಅಲ್ಲಿ ಹೊಡೆತ ಬೀಳುವುದು ಮೈಲಿನ್‌ಗಲ್ಲ, ಆಸ್ಟ್ರೋಸೈಟ್ ಎಂಬ ಬೇರೆ ಸೆಲ್‌ಗೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮಾಡ್, ನಟಾಲಿಜುಮಾಬ್ ಆ ರೋಗವನ್ನು ಜಾಸ್ತಿ ಮಾಡಬಹುದು. ಹಾಗಾಗಿ ಮದ್ದು ಶುರು ಮಾಡುವ ಮೊದಲು ಈ ಪರೀಕ್ಷೆಗಳನ್ನು ಕೇಳಿ, ಸಾಧ್ಯವಾದರೆ ಸೆಲ್ ಬೇಸ್ಡ್ ವಿಧಾನದಲ್ಲೇ ಮಾಡಿಸಿ.

ಮದ್ದಿನ ಹೆಸರು ಕೇಳಿ ಗಾಬರಿ ಆಗುತ್ತದೆ, ಆದರೆ ಅದು ಸೆಲ್‌ಗಳನ್ನು ಎಲ್ಲಿ ತಡೆಯುತ್ತದೆ ಎಂದು ಕೇಳಿದರೆ ಅರ್ಧ ಅರ್ಥವಾಗುತ್ತದೆ. ಫಿಂಗೋಲಿಮಾಡ್ ಅವನ್ನು ಲಿಂಫ್ ಗ್ರಂಥಿಯಿಂದ ಹೊರಗೆ ಬಿಡುವುದಿಲ್ಲ. ನಟಾಲಿಜುಮಾಬ್ ಗೋಡೆಗೆ ಅಂಟಲಿಕ್ಕೆ ಬಿಡುವುದಿಲ್ಲ. ರಿಟುಕ್ಸಿಮಾಬ್, ಓಕ್ರೆಲಿಜುಮಾಬ್ ಬಿ ಸೆಲ್ ತೆಗೆಯುತ್ತವೆ. ಮೊದಲಿಗೆ ಕೊಡುವ ಸ್ಟೀರಾಯ್ಡ್ ಡ್ರಿಪ್ ಊತ ಇಳಿಸಿ ಬೇಗ ಚೇತರಿಸುವ ಹಾಗೆ ಮಾಡುತ್ತದೆ, ಮುಂದಿನ ದಾಳಿ ತಡೆಯುವುದಿಲ್ಲ. ಡ್ರಿಪ್ ಮುಗಿಸಿ ಚಿಕಿತ್ಸೆ ಆಯಿತು ಎಂದುಕೊಳ್ಳುವವರು ಎಷ್ಟೋ ಜನ, ನನಗೆ ಸಂಕಟ ಆಗುವುದು ಅದಕ್ಕೇ.

ಯಾಕೆಂದರೆ ಈ ಮದ್ದುಗಳೆಲ್ಲ ಕೆಲಸ ಮಾಡುವುದು ಮುಖ್ಯವಾಗಿ ಹೊರಗಿನಿಂದ ಸೆಲ್‌ಗಳು ಅಲೆ ಅಲೆಯಾಗಿ ಬರುವ ಕಾಲದಲ್ಲಿ, ಅಂದರೆ ಶುರುವಿನ ವರ್ಷಗಳಲ್ಲಿ. ವರ್ಷ ಕಳೆದ ಹಾಗೆ ಉರಿ ಮಿದುಳಿನ ಒಳಗೇ, ಮುಚ್ಚಿದ ಗೋಡೆಯ ಹಿಂದೆ, ಮೈಕ್ರೋಗ್ಲಿಯಾ ಮತ್ತು ಒಳಗೆ ಉಳಿದ ಸೆಲ್‌ಗಳ ನಡುವೆ ನಿಧಾನವಾಗಿ ಸಾಗುತ್ತದೆ. ಆಗ ರಕ್ತದಲ್ಲಿ ಹಾಕಿದ ಮದ್ದಿಗೆ ಹಿಡಿತ ಕಡಿಮೆ. ಪ್ರಶ್ನೆ ಇಡಿಸಬೇಕು, ಆಶ್ಲೇಷಾ ಬಲಿ ಮಾಡಿಸಬೇಕು ಎಂದು ಹಿರಿಯರು ಹೇಳಿದರೆ ಮಾಡಿಸಿ, ಯಾರದ್ದೂ ಮನಸ್ಸು ನೋಯಿಸುವುದು ಬೇಡ. ಅದಕ್ಕಾಗಿ ಮದ್ದಿನ ತಾರೀಕು ಮಾತ್ರ ಮುಂದೆ ಹಾಕಬೇಡಿ.

ಇಮ್ಯುನಿಟಿ ಜಾಸ್ತಿ ಮಾಡುವ ಪುಡಿ, ಕಷಾಯ ಎಂದು ತಂದುಕೊಡುವವರೂ ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಇಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿ ರೋಗ ಬಂದದ್ದಲ್ಲ, ಅದು ದಾರಿ ತಪ್ಪಿ ಬಂದದ್ದು. ಅಮೃತಬಳ್ಳಿ ತೆಗೆದುಕೊಂಡವರಲ್ಲಿ ಲಿವರ್ ಕೆಟ್ಟ ವರದಿಗಳು 2021ರಲ್ಲಿ ಮುಂಬೈನಿಂದ ಬಂದಿವೆ. ಎಂಎಸ್‌ನ ಕೆಲವು ಮದ್ದುಗಳೂ ಲಿವರ್‌ಗೆ ತೊಂದರೆ ಕೊಡಬಹುದು. ಏನು ಕುಡಿಯುತ್ತಿದ್ದೀರಿ ಎಂದು ಡಾಕ್ಟರಿಗೆ ಹೇಳಿ, ಬೈಯುತ್ತಾರೆ ಎಂದು ಮುಚ್ಚಿಡಬೇಡಿ.

ರಿಟುಕ್ಸಿಮಾಬ್‌ಗೆ ಮೊದಲು ಹೆಪಟೈಟಿಸ್ ಬಿ, ಟಿಬಿ ಪರೀಕ್ಷೆ ಮತ್ತು ಬಾಕಿ ಇರುವ ಲಸಿಕೆಗಳ ಬಗ್ಗೆ ಕೇಳಿ. ಫಿಂಗೋಲಿಮಾಡ್ ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ, ತಡೆದಿಟ್ಟ ಸೆಲ್‌ಗಳು ಒಟ್ಟಿಗೆ ಹೊರಬಂದು ಜೋರು ದಾಳಿ ಆಗಬಹುದು. ಮಳೆಗಾಲದಲ್ಲಿ ಜ್ವರ ಬಂದರೆ ಪ್ಯಾರಸಿಟಮಾಲ್ ನುಂಗಿ ಕೂರುವುದು ಬೇಡ. ನಮ್ಮಲ್ಲಿ ಇಲಿಜ್ವರ, ಡೆಂಗ್ಯೂ, ಮಲೇರಿಯಾ ಎಲ್ಲ ಇವೆ ಅಲ್ವಾ? ಯಾವ ಮದ್ದಿನಲ್ಲಿದ್ದೀರಿ ಎಂದು ಹೇಳಿ ಅದೇ ದಿನ ತೋರಿಸಿ.

ಸೆಕೆಯ ವಿಷಯ ಬೇರೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹಂಪನಕಟ್ಟೆಯಲ್ಲಿ ನಡೆದು ಬಂದಾಗ ಕಣ್ಣು ಮತ್ತೆ ಮಂಜಾಗಬಹುದು, ತಣ್ಣೀರು ಹಾಕಿಕೊಂಡು ಫ್ಯಾನ್ ಅಡಿ ಕೂತರೆ ಸರಿಹೋಗುತ್ತದೆ. ಅದು ಹೊಸ ದಾಳಿ ಅಲ್ಲ, ಮೈಲಿನ್ ಕಳೆದುಕೊಂಡ ಹಳೆಯ ಜಾಗದಲ್ಲಿ ಬಿಸಿಗೆ ಸಂದೇಶಕ್ಕೆ ತಡೆ ಆಗುವುದು. ಜ್ವರ ಇಲ್ಲದೆ ಹೊಸ ತೊಂದರೆ 24 ಗಂಟೆಗಿಂತ ಜಾಸ್ತಿ ನಿಂತರೆ ಫೋನ್ ಮಾಡಿ.

ಮದ್ದು ಶುರುವಾಗಿ 3ರಿಂದ 6 ತಿಂಗಳಿಗೆ ಇನ್ನೊಂದು ಎಂಆರ್‌ಐ ಯಾವಾಗ ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಅದೇ ಮೆಷಿನ್‌ನಲ್ಲಿ ಮಾಡಿಸಿ. ಹಳೆಯ ಸ್ಕ್ಯಾನಿನ ಸಿಡಿಯನ್ನೂ ತೆಗೆದುಕೊಂಡು ಹೋಗಿ. ಬರೀ ರಿಪೋರ್ಟ್ ಹಾಳೆ ಇಟ್ಟುಕೊಂಡು ಹೊಸ ಕಲೆ ಯಾವುದು, ಹಳೆಯದು ಯಾವುದು ಎಂದು ಹೇಳಲಿಕ್ಕೆ ಆಗುವುದಿಲ್ಲ.